ಮೊಟ್ಟೆಯ ಲೆಕ್ಕ ಇದೆ, ಮನುಷ್ಯರ ಲೆಕ್ಕ ಎಲ್ಲಿ?



ಪೋಸ್ಟ್ ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯೋರು ಬೈಯಿರಿ.

ನಮ್ಮ ಕಾರವಾರದ ನೌಕಾನೆಲೆಯಲ್ಲಿ ನಿಲ್ಲುವ ಐಎನ್‌ಎಸ್ ವಿಕ್ರಮಾದಿತ್ಯದ ಬಗ್ಗೆ ನೌಕಾಪಡೆಯೇ ಕೊಟ್ಟ ಒಂದು ಲೆಕ್ಕ ಇದೆ. ಹಡಗಿನಲ್ಲಿ 1,600ಕ್ಕೂ ಹೆಚ್ಚು ಜನ. ಅವರಿಗೆ ತಿಂಗಳಿಗೆ ಹತ್ತಿರ ಹತ್ತಿರ 1 ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು. ತುಂಬಿಸಿಕೊಂಡು ಹೊರಟರೆ ಸುಮಾರು 45 ದಿನ ದಡ ಮುಟ್ಟದೆ ಸಮುದ್ರದಲ್ಲೇ ಇರಬಹುದು.

ನಾನು ಆಫೀಸಿನಲ್ಲಿ ರಿಜಿಸ್ಟರ್ ಬರೆಯುವ ಗುಮಾಸ್ತ. ಇಂಥ ಲೆಕ್ಕ ಕಂಡರೆ ಖುಷಿಯಾಗುತ್ತೆ. ಒಂದು ಸರ್ಕಾರಕ್ಕೆ ತನ್ನ ಹಡಗಿಗೆ ಎಷ್ಟು ಮೊಟ್ಟೆ ಬೇಕು ಅಂತ ಗೊತ್ತಿರಬೇಕು, ಗೊತ್ತಿದೆ. ಸಂತೋಷ. ಹಾಗಾದರೆ ಇನ್ನೊಂದು ಲೆಕ್ಕ ಕೇಳೋಣ. ಆ ನೆಲೆ ಎದ್ದ ಜಾಗದಲ್ಲಿ ಒಂದು ಗುಂಟೆಯ ಕಾಗದವೂ ಇಲ್ಲದೆ, ಬೇರೆಯವರ ಗದ್ದೆಯಲ್ಲಿ ದುಡಿದು ಬದುಕಿದ್ದ ಪರಿಶಿಷ್ಟ ಜಾತಿ ಕುಟುಂಬಗಳು ಎಷ್ಟಿದ್ದವು? ಅವರ ಮಕ್ಕಳು ಈಗ ಎಲ್ಲಿದ್ದಾರೆ? ಈ ಲೆಕ್ಕವನ್ನು ಯಾವುದಾದರೂ ಉದ್ಘಾಟನಾ ಭಾಷಣದಲ್ಲಿ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ವಿಮಾನವಾಹಕ ನೌಕೆ ಅಂದ್ರೆ ಏನು? ತೇಲುವ ವಿಮಾನ ನಿಲ್ದಾಣ. ಸ್ವಂತ ನೆಲ ಇಲ್ಲದ ಕಡೆಯೂ ಹೋಗಿ ನಿಂತು, ಅಲ್ಲಿಂದ ವಿಮಾನ ಹಾರಿಸಿ, ದೂರದ ದಡದ ಮೇಲೆ ಬಲ ತೋರಿಸೋದು. ಟಿವಿಯವರು ಇಷ್ಟು ಹೇಳಿ ನಿಲ್ಲಿಸ್ತಾರೆ. ಆದರೆ 45 ದಿನ ಆದಮೇಲೆ ಆ ಹಡಗು ಎಲ್ಲಿಗೆ ಬರಬೇಕು? ದಡಕ್ಕೇ ಬರಬೇಕು. ಎಣ್ಣೆ, ಮದ್ದುಗುಂಡು, ಅಕ್ಕಿ, ರಿಪೇರಿ, ರಜೆ, ಆಸ್ಪತ್ರೆ, ಹೆಂಡತಿ ಮಕ್ಕಳ ಕ್ವಾರ್ಟರ್ಸ್, ಎಲ್ಲವೂ ದಡದಲ್ಲೇ ಇರೋದು. ಸಮುದ್ರದ ಮೇಲಿನ ಬಲ ನಿಂತಿರೋದು ನೆಲದ ಮೇಲೆ. ಆ ನೆಲ ಯಾರದ್ದೋ ಆಗಿತ್ತು, ಅದರಲ್ಲಿ ಯಾರೋ ದುಡಿದಿದ್ದರು.

ದಡ ಕೈಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಎದುರಿನ ಅಂಜದೀವ ಸಾಕು. 1662ರಲ್ಲಿ ಮುಂಬೈ ವಶಕ್ಕೆ ತಗೊಳ್ಳೋಕೆ ಇಂಗ್ಲೆಂಡಿನಿಂದ ಅಬ್ರಹಾಂ ಶಿಪ್‌ಮನ್ ಅನ್ನೋನು ನೂರಾರು ಸೈನಿಕರ ಜೊತೆ ಬಂದ. ಪೋರ್ಚುಗೀಸರು ಮುಂಬೈ ಬಿಟ್ಟುಕೊಡಲಿಲ್ಲ. ಆ ಸೈನ್ಯ ಅಂಜದೀವದಲ್ಲಿ ಕಾದು ಕೂತಿತು. ರೋಗ, ಮಳೆ, ಸರಿಯಾದ ಊಟ ಇಲ್ಲ. 1665ರಲ್ಲಿ ಮುಂಬೈ ಕೈಗೆ ಬರುವ ಹೊತ್ತಿಗೆ ಶಿಪ್‌ಮನ್ ಸಮೇತ ಹೆಚ್ಚಿನವರು ಸತ್ತು ಹೋಗಿದ್ದರು. ಅವರನ್ನು ಕೊಂದದ್ದು ಶತ್ರುವಿನ ಫಿರಂಗಿ ಅಲ್ಲ. ಅನ್ನ ಹಾಕುವ ಕೈ ಇರಲಿಲ್ಲ, ಅಷ್ಟೇ.

ನಾನು ಇರುವ ಈ ಸದಾಶಿವಗಡದ ಕಥೆಯೂ ಬೇರೆ ಅಲ್ಲ. ಕಾಳಿ ನದಿ ಸಮುದ್ರ ಸೇರುವ ಬಾಯಿಯಲ್ಲಿ ಸೋಂದೆ ಅರಸರು ಕೋಟೆ ಕಟ್ಟಿದರು. ಆಮೇಲೆ ಪೋರ್ಚುಗೀಸರು, ಮೈಸೂರಿನವರು, ಇಂಗ್ಲಿಷರು ಬಂದರು. ಎಲ್ಲರ ಹೆಸರೂ ಇತಿಹಾಸದಲ್ಲಿದೆ. ಆ ಗುಡ್ಡಕ್ಕೆ ಕಲ್ಲು ಹೊತ್ತವರು ಯಾರು, ನೀರು ಹೊತ್ತವರು ಯಾರು, ಸತ್ತ ಕುದುರೆ ಎಳೆದವರು ಯಾರು? ಅವರ ಹೆಸರಿಲ್ಲ. ಕೋಟೆಗೆ ಕೈ ಬೇಕು, ಹೆಸರು ಬೇಡ. ಇದು ಹಳೇ ರೂಢಿ. ನನ್ನ ತಕರಾರು ಏನಂದ್ರೆ, ಸಂವಿಧಾನ ಬಂದ ಮೇಲೂ ಈ ರೂಢಿ ಯಾಕೆ ಮುಂದುವರೀತು?

ಈಗ ಸೀಬರ್ಡ್ ವಿಷಯಕ್ಕೆ ಬರ್ತೀನಿ. ಮುಂಬೈ ಬಂದರಿನಲ್ಲಿ ಜಾಗ ಸಾಲುತ್ತಿರಲಿಲ್ಲ. 80ರ ದಶಕದಲ್ಲಿ ಅಡ್ಮಿರಲ್ ಆಸ್ಕರ್ ಡಾಸನ್ ಕಾಲದಲ್ಲಿ ಕಾರವಾರದ ಯೋಚನೆ ಗಟ್ಟಿಯಾಯಿತು. ಇಲ್ಲಿ ಆಳದ ನೀರಿದೆ, ಹಿಂದೆ ಗುಡ್ಡದ ಮರೆ ಇದೆ, ಮುಂಬೈ ಕೊಚ್ಚಿ ನಡುವೆ ಇದೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 13 ಹಳ್ಳಿ, ಸುಮಾರು 11,000 ಎಕರೆ, 4,000ಕ್ಕೂ ಹೆಚ್ಚು ಕುಟುಂಬ ಎದ್ದು ಹೋಗಬೇಕಾಯಿತು. 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯಿತು. ಎರಡನೇ ಹಂತದ ಕೆಲಸ ಮುಗಿದರೆ 32 ಯುದ್ಧನೌಕೆ, ಜಲಾಂತರ್ಗಾಮಿಗಳು ನಿಲ್ಲುವಷ್ಟು ಜಾಗ ಆಗುತ್ತೆ ಅಂತಾರೆ. 2025ರ ಏಪ್ರಿಲ್ 5ರಂದು ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಬಂದು 2,000 ಕೋಟಿ ರೂಪಾಯಿಗೂ ಮೀರಿದ ಕಾಮಗಾರಿಗಳನ್ನು ಉದ್ಘಾಟಿಸಿ ಹೋದರು.

"ಎಲ್ಲರಿಗೂ ಪರಿಹಾರ ಸಿಕ್ಕಿದೆಯಲ್ಲ, ಮತ್ತೆ ಏನು ನಿಮ್ಮ ಗೋಳು?" ಅಂತ ಕೇಳುವವರಿದ್ದಾರೆ. ಯಾರಿಗೆ ಸಿಕ್ಕಿತು ಅಂತ ಕಾಯ್ದೆ ತೆಗೆದು ನೋಡಿ ಸ್ವಾಮಿ.

ಭೂಮಿ ತಗೊಂಡದ್ದು ಬ್ರಿಟಿಷರು ಮಾಡಿದ 1894ರ ಕಾಯ್ದೆಯಲ್ಲಿ. ಆ ಕಾಯ್ದೆಗೆ ಕಾಣೋದು 'ಹಿತಾಸಕ್ತಿ ಉಳ್ಳ ವ್ಯಕ್ತಿ' ಮಾತ್ರ. ಅಂದ್ರೆ ಜಮೀನಿನಲ್ಲಿ ಕಾನೂನಿನ ಹಕ್ಕು ಇರುವವನು. ಕೊಟ್ಟ ದರ ಕಡಿಮೆ ಆಯಿತು ಅಂತ 18ನೇ ಕಲಮಿನ ಕೆಳಗೆ ಕೋರ್ಟಿಗೆ ಹೋಗಲಿಕ್ಕೂ ಅವನಿಗೇ ಅವಕಾಶ. ಸೀಬರ್ಡ್ ನಿರಾಶ್ರಿತರು ಗುಂಟೆಗೆ ಎಷ್ಟು ಅಂತ ದಶಕಗಳ ಕಾಲ ಕೋರ್ಟಿನಲ್ಲಿ ಬಡಿದಾಡಿದರು. ನ್ಯಾಯವಾದ ಹೋರಾಟ, ನಾವೂ ಜೊತೆಗೆ ನಿಂತವರೇ. ಆದರೆ ಗುಂಟೆಯೇ ಇಲ್ಲದವನು ಗುಂಟೆಯ ದರಕ್ಕೆ ಯಾವ ಅರ್ಜಿ ಹಾಕೋದು?

ಗುಂಟೆ ಯಾಕೆ ಇರಲಿಲ್ಲ? ಅದಕ್ಕೂ ಕಾರಣ ಇದೆ. ಈ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರ ಮುಂದಾಳತ್ವದಲ್ಲಿ ದೊಡ್ಡ ರೈತ ಚಳವಳಿ ನಡೆಯಿತು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು. ಗೇಣಿದಾರ ನಮೂನೆ 7 ತುಂಬಿ ಕೊಟ್ಟು ಒಡೆಯನಾದ. ಒಳ್ಳೆಯದೇ ಆಯಿತು. ಆದರೆ ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ನಮೂನೆ ಇರಲಿಲ್ಲ. ನಟ್ಟಿ ಮಾಡಿದ ಹೆಂಗಸಿಗೆ ನಮೂನೆ ಇರಲಿಲ್ಲ. ನಮ್ಮ ಕಡೆ ಮುಕ್ರಿಗಳು, ಆಗೇರರು, ಮಹಾರರು, ಚಮಗಾರರು ಹೆಚ್ಚಾಗಿ ಇದ್ದದ್ದು ಈ ಕೊನೇ ಸಾಲಿನಲ್ಲಿ. ಆಗೇರರು ತಲೆತಲಾಂತರದಿಂದ ಉಪ್ಪಿನ ಆಗರದಲ್ಲಿ ದುಡಿದವರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು ಅಂತ ಎದೆ ತಟ್ಟಿಕೊಳ್ತೀವಲ್ಲ, ಆ ಉಪ್ಪನ್ನು ದಿನಾ ಮಾಡುತ್ತಿದ್ದವರ ಹೆಸರಲ್ಲಿ ಆಗರ ಇತ್ತಾ? ಆಗರದ ಹೆಸರು ಜಾತಿಗೆ ಬಂತು, ಆಗರದ ಪಹಣಿ ಬರಲಿಲ್ಲ.

ಒಂದರ ಮೇಲೆ ಒಂದು ಜೋಡಿಸಿ ನೋಡಿ. ಮೊದಲು ಜಾತಿ ಭೂಮಿ ಕೊಡಲಿಲ್ಲ. ಆಮೇಲೆ ಭೂಸುಧಾರಣೆ ಕೂಲಿಯವನ ತನಕ ಇಳಿಯಲಿಲ್ಲ. ಕೊನೆಗೆ ಭೂಸ್ವಾಧೀನ ಬಂದು, ಭೂಮಿ ಇಲ್ಲ ಅಂದಮೇಲೆ ನಷ್ಟವೂ ಇಲ್ಲ ಅಂತ ಬರೆದುಕೊಂಡಿತು. ನಷ್ಟ ಇಲ್ವಾ? ಕೂಲಿಗೆ ಕರೆಯುತ್ತಿದ್ದ ಗದ್ದೆ ಹೋಯಿತು. ಬೆಳಚು, ಕಲಗ ಆರಿಸುತ್ತಿದ್ದ ದಡಕ್ಕೆ ಬೇಲಿ ಬಿತ್ತು. ಸೌದೆ, ಸೊಪ್ಪು ತರುತ್ತಿದ್ದ ಗುಡ್ಡ 'ನಿಷೇಧಿತ ಪ್ರದೇಶ' ಆಯಿತು. ಇದಕ್ಕೆಲ್ಲ ಸರ್ವೆ ನಂಬರ್ ಇಲ್ಲ, ಹಾಗಾಗಿ ಬೆಲೆಯೂ ಇಲ್ಲ. ಪುನರ್ವಸತಿ ಕಾಲೋನಿಗಳಾದವು, ತೋಡೂರಲ್ಲಿದೆ, ನಮ್ಮ ಚಿತ್ತಾಕುಲದಲ್ಲೂ ಇದೆ. ಸೈಟು ಸಿಕ್ಕವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಸೈಟಿನಲ್ಲಿ ಮಲಗಬಹುದು, ದುಡಿಯೋಕಾಗಲ್ಲ.

"ದೇಶದ ಭದ್ರತೆ ವಿಷಯದಲ್ಲಿ ಜಾತಿ ತರಬೇಡಿ" ಅಂತ ಎರಡನೇ ಮಾತು. ಯಾರಿಗೆ ಹೇಳ್ತಿದ್ದೀರಿ? ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರ್. ಮಹಾರರನ್ನು ಭರ್ತಿ ಮಾಡೋದನ್ನೇ ಬ್ರಿಟಿಷರು ನಿಲ್ಲಿಸಿದಾಗ, ನಮ್ಮನ್ನು ಸೇರಿಸಿಕೊಳ್ಳಿ ಅಂತ ಅರ್ಜಿ ಮೇಲೆ ಅರ್ಜಿ ಬರೆದ ಜನ ನಾವು. 1941ರಲ್ಲಿ ಮಹಾರ್ ರೆಜಿಮೆಂಟ್ ಆಯಿತು, ಬಾಬಾಸಾಹೇಬರ ಒತ್ತಾಯ ಅದರ ಹಿಂದಿತ್ತು. ಸೈನ್ಯಕ್ಕೆ ಜಾತಿ ತಂದವರು ನಾವಲ್ಲ.

ನೌಕಾಪಡೆ ಮೇಲೆ ನನಗೆ ದ್ವೇಷ ಇಲ್ಲ. 1961ರಲ್ಲಿ ಅಂಜದೀವದಿಂದ ಪೋರ್ಚುಗೀಸರು ಗುಂಡು ಹಾರಿಸಿ ಮೀನುಗಾರನೊಬ್ಬನನ್ನು ಕೊಂದರು. ಅದೇ ಡಿಸೆಂಬರ್‌ನಲ್ಲಿ ಆ ದ್ವೀಪ ಬಿಡಿಸಲು ಹೋದ ನಮ್ಮ 7 ನಾವಿಕರು ಸತ್ತರು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಕೆಂಪಗೆ ಹರಿಯುತ್ತಿದ್ದ ಗಂಗಾವಳಿಗೆ ಇಳಿದು ಹುಡುಕಿದವರಲ್ಲಿ ನೌಕಾಪಡೆಯ ಮುಳುಗುಗಾರರೂ ಇದ್ದರು. ಇದನ್ನೆಲ್ಲ ಮರೆಯುವ ಜನ ನಾವಲ್ಲ. ದೇಶಕ್ಕೆ ನೆಲೆ ಬೇಕಾ? ಬೇಕು ಅಂತಲೇ ಇಟ್ಕೊಳ್ಳಿ. ಹಾಗಾದರೆ ಅದರ ಬೆಲೆಯನ್ನೂ ಇಡೀ ದೇಶ ಕೊಡಬೇಕು. ಹಳ್ಳಿಯ ಕೊನೇ ಕೇರಿಯವರು ಹೆಚ್ಚು ಕೊಟ್ಟು, ರಸೀದಿಯೂ ಇಲ್ಲದೆ ಎದ್ದು ಹೋಗೋದು ದೇಶಭಕ್ತಿ ಅಲ್ಲ. ಅದಕ್ಕೆ ಬಿಟ್ಟಿ ಚಾಕರಿ ಅಂತಾರೆ.

ಮೂರನೇ ಮಾತು: "ಕೆಲಸ ಬಂತು, ಅಭಿವೃದ್ಧಿ ಬಂತು." ಅರ್ಗಾದಲ್ಲಿ 10,000 ಟನ್ ಹಡಗನ್ನೇ ನೀರಿನಿಂದ ಮೇಲೆತ್ತಿ ರಿಪೇರಿಗೆ ಒಯ್ಯುವ ಶಿಪ್‌ಲಿಫ್ಟ್ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕಾರವಾರ ಸದಾಶಿವಗಡದ ನಡುವೆ, ಕಾಳಿಯ ಹಳೇ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಲಾರಿ ಸಮೇತ ನದಿಗೆ ಬಿತ್ತು. ಯಾರ ಅಭಿವೃದ್ಧಿ ಅಂತ ನೀವೇ ಹೇಳಿ. ಇನ್ನು ಕೆಲಸ. ಕಾಯಂ ಹುದ್ದೆಗೆ ರೋಸ್ಟರ್ ಇದೆ, ಮೀಸಲಾತಿ ಇದೆ. ಆದರೆ ಗುಡಿಸೋದು, ಹೊರೋದು, ಹುಲ್ಲು ಕತ್ತರಿಸೋದು, ಕ್ಯಾಂಟೀನ್ ಪಾತ್ರೆ ತೊಳೆಯೋದು ಗುತ್ತಿಗೆದಾರನ ಕೈಗೆ ಹೋದರೆ ಅವನಿಗೆ ರೋಸ್ಟರ್ ಇಲ್ಲ. ಕೂಲಿ ಕೆಲಸಕ್ಕೆ ನಮ್ಮನ್ನು ಮೀಸಲಾತಿ ಇಲ್ಲದೆಯೇ ಕರೀತಾರೆ, ಮೇಲಿನ ಕುರ್ಚಿಗೆ ಮಾತ್ರ ಮೆರಿಟ್ ನೆನಪಾಗುತ್ತೆ. ಕೋಟೆಗೆ ಕೈ ಬೇಕು, ಹೆಸರು ಬೇಡ ಅಂದೆನಲ್ಲ, ಅದೇ ಇದು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಹಿಂದೂ ಮಹಾಸಾಗರದ ನಡುವೆ ಡಿಯಾಗೋ ಗಾರ್ಸಿಯಾ ಅನ್ನೋ ದ್ವೀಪ ಇದೆ. ಅಲ್ಲಿಂದ ಅಮೆರಿಕದ ಬಾಂಬರ್‌ಗಳು ಇರಾಕ್‌ಗೂ ಹೋದವು, ಅಫ್ಘಾನಿಸ್ತಾನಕ್ಕೂ ಹೋದವು. ಆ ನೆಲೆಗೋಸ್ಕರ 1968ರಿಂದ 1973ರ ಒಳಗೆ ಬ್ರಿಟನ್ ಚಾಗೋಸ್ ದ್ವೀಪಗಳ ಜನರನ್ನೆಲ್ಲ ಖಾಲಿ ಮಾಡಿಸಿತು. ಯಾರು ಆ ಜನ? ಆಫ್ರಿಕಾ, ಮಡಗಾಸ್ಕರ್‌ನಿಂದ ಗುಲಾಮರಾಗಿ ತಂದವರ, ಭಾರತದಿಂದ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು. ತೆಂಗಿನ ತೋಟದಲ್ಲಿ ದುಡಿಯುತ್ತಿದ್ದರು, ತೋಟ ಕಂಪನಿಯದ್ದು. ಬ್ರಿಟಿಷ್ ಅಧಿಕಾರಿಗಳು ಏನು ಬರೆದರು ಗೊತ್ತಾ? ಇವರು ಅಲ್ಲಿಯ ನಿವಾಸಿಗಳೇ ಅಲ್ಲ, ಬರೀ ಗುತ್ತಿಗೆ ಕೂಲಿಗಳು ಅಂತ! ಕಾಗದದಲ್ಲಿ ನೆಲ ಇಲ್ಲದವನನ್ನು ನೆಲದಲ್ಲೇ ಇರಲಿಲ್ಲ ಅಂತ ಮಾಡೋದು ಎಷ್ಟು ಸುಲಭ ನೋಡಿ.

2019ರಲ್ಲಿ ವಿಶ್ವಸಂಸ್ಥೆಯಲ್ಲಿ ಚಾಗೋಸ್ ವಿಷಯ ಮತಕ್ಕೆ ಬಂದಾಗ ಭಾರತ ಮಾರಿಷಸ್ ಪರ ಮತ ಹಾಕಿತು. ಆ ಜನರಿಗೆ ಊರಿಗೆ ಮರಳಲು ನೆರವಾಗಿ ಅನ್ನುವ ಮಾತೂ ಆ ನಿರ್ಣಯದಲ್ಲಿತ್ತು. ಭೇಷ್! ಅದೇ ನ್ಯಾಯವನ್ನು ಬಿಣಗಾ, ಅರ್ಗಾ, ಚೆಂಡಿಯಾ ಕಡೆಗೂ ಸ್ವಲ್ಪ ತಿರುಗಿಸಿ ಅಂತ ನಾವು ಕೇಳ್ತಿರೋದು. ನಾವೇನು ನೆಲೆ ಒಡೆದು ಊರು ವಾಪಸ್ ಕೊಡಿ ಅಂತಿಲ್ಲ.

1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ ಬಾಬಾಸಾಹೇಬರು ಜಮೀನ್ದಾರ, ಗೇಣಿದಾರ, ಭೂಹೀನ ಕೂಲಿ ಎಂಬ ಮೂರೂ ಇಲ್ಲದ ವ್ಯವಸ್ಥೆ ಕೇಳಿದರು. ಅವರಿಗೆ ಗೊತ್ತಿತ್ತು, ಆಸ್ತಿ ಇದ್ದವನಿಗೆ ಮಾತ್ರ ಹಕ್ಕು ಕೊಟ್ಟರೆ ನಮ್ಮ ಜನ ಪ್ರತಿ ಸಲವೂ ಹೊರಗೇ ಉಳೀತಾರೆ ಅಂತ. ದೇಶಕ್ಕೆ ಇದರ ಅರ್ಧ ಅರ್ಥವಾಗಲು 2013 ಬರಬೇಕಾಯಿತು. ಆ ವರ್ಷದ ಭೂಸ್ವಾಧೀನ ಕಾಯ್ದೆಯಲ್ಲಿ ಮೊದಲ ಸಲ 'ಬಾಧಿತ ಕುಟುಂಬ' ಅಂದ್ರೆ ಕೃಷಿ ಕೂಲಿಗಳೂ ಸೇರ್ತಾರೆ, ಕುಶಲಕರ್ಮಿಗಳೂ ಸೇರ್ತಾರೆ, ಮೀನುಗಾರರೂ ಸೇರ್ತಾರೆ ಅಂತ ಬರೆದರು. 3 ವರ್ಷ ಆ ಜಾಗವನ್ನು ನಂಬಿ ಬದುಕಿದ್ದರೆ ಸಾಕು. ಅಂದ್ರೆ ನಾವು ಕೇಳ್ತಿರೋದು ಭಿಕ್ಷೆ ಅಲ್ಲ, ಸಂಸತ್ತೇ ಒಪ್ಪಿದ ತತ್ವ. ನಮ್ಮ ಹಳ್ಳಿಗಳು ಮೊದಲೇ ಹೋದವು ಅನ್ನೋದು ನಮ್ಮ ತಪ್ಪಾ?

ನಮ್ಮ ಬೇಡಿಕೆ ಇಷ್ಟು.

1. ಸೀಬರ್ಡ್‌ಗೆ ಹೋದ 13 ಹಳ್ಳಿಗಳಲ್ಲಿ ಇದ್ದ ಭೂಹೀನ ಪರಿಶಿಷ್ಟ ಜಾತಿ ಕುಟುಂಬಗಳ ಪಟ್ಟಿ ಪ್ರಕಟ ಮಾಡಿ. ಪಟ್ಟಿ ಇಲ್ಲದಿದ್ದರೆ ಹೊಸದಾಗಿ ಮಾಡಿ. ಹಳೇ ಮತದಾರರ ಪಟ್ಟಿ, ರೇಷನ್ ಕಾರ್ಡ್, ಶಾಲೆಯ ದಾಖಲಾತಿ ಪುಸ್ತಕ ಇವೆಲ್ಲ ದಾಖಲೆ ಅಂತ ಒಪ್ಪಿಕೊಳ್ಳಿ. ಪಹಣಿ ಮಾತ್ರ ಕೇಳಬೇಡಿ.

2. ಆ ಕುಟುಂಬಗಳಿಗೆ 2013ರ ಕಾಯ್ದೆಯ ಅಳತೆಯಲ್ಲಿ ಜೀವನೋಪಾಯದ ಪರಿಹಾರ ಕೊಡಿ.

3. ನೌಕಾನೆಲೆಯ ಗುತ್ತಿಗೆ ಕೆಲಸಗಳಲ್ಲೂ ನಿರಾಶ್ರಿತ ಭೂಹೀನ ಕುಟುಂಬಗಳಿಗೆ ಪಾಲು ಇರಲಿ, ಕಸ ಗುಡಿಸೋದರಲ್ಲಿ ಮಾತ್ರ ಅಲ್ಲ, ತಾಂತ್ರಿಕ ತರಬೇತಿಯಲ್ಲೂ ಇರಲಿ.

4. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ, ಜೊತೆಗೆ ನಾಗರಿಕ ಟರ್ಮಿನಲ್ ಅಂತ ಮತ್ತೆ ಭೂಮಿ ಹೋಗುತ್ತಿದೆ. ಅಲ್ಲಿ ಇದೇ ಕಥೆ ಆಗಬಾರದು. ಎಕರೆ ಎಣಿಸುವ ಮೊದಲು ಮನೆ ಎಣಿಸಿ. ಮಾಲೀಕರ ಸಭೆ ಕರೆದ ದಿನವೇ ಕೂಲಿಗಳ ಸಭೆಯನ್ನೂ ಕರೆಯಿರಿ.

ನಮ್ಮ ಗೆಳೆಯರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಹಾರ ಹಾಕಿ, ಫೋಟೋ ಹಾಕಿ ಸುಮ್ಮನಾದರೆ ಈ ಕೆಲಸ ಆಗಲ್ಲ. 80ರ ದಶಕದಲ್ಲಿ ಆ ಹಳ್ಳಿಗಳಲ್ಲಿ ದುಡಿದ ಹಿರಿಯರು ಒಬ್ಬೊಬ್ಬರೇ ಹೋಗ್ತಿದ್ದಾರೆ. ಅವರು ಹೋದರೆ ಸಾಕ್ಷಿ ಹೋಯಿತು. ನಿಮ್ಮ ಕೇರಿಯ ಅಜ್ಜಿ, ಆಯಿಯ ಹತ್ತಿರ ಕೂತು ಕೇಳಿ. ಯಾರ ಗದ್ದೆಗೆ ಹೋಗ್ತಿದ್ದರು, ಮನೆ ಎಲ್ಲಿತ್ತು, ಯಾವ ವರ್ಷ ಎದ್ದು ಬಂದರು ಅಂತ ಬರೆದು ಇಡಿ. ಹಳೇ ರೇಷನ್ ಕಾರ್ಡ್ ಇದ್ದರೆ ಎಸೆಯಬೇಡಿ, ಜೆರಾಕ್ಸ್ ಮಾಡಿಸಿ. ಅರ್ಜಿ ಬರೆಯಲು ಬರದಿದ್ದರೆ ನನಗೆ ಮೆಸೇಜ್ ಮಾಡಿ, ಭಾನುವಾರ ನಾನೇ ಬಂದು ಬರೆದು ಕೊಡ್ತೀನಿ. ಇಪ್ಪತ್ತು ವರ್ಷದಿಂದ ಬೇರೆಯವರ ಫೈಲು ಬರೆದದ್ದಾಯಿತು, ಈಗ ನಮ್ಮದನ್ನು ಬರೆಯೋಣ.

ಒಂದು ಹಡಗಿಗೆ ತಿಂಗಳಿಗೆ ಎಷ್ಟು ಮೊಟ್ಟೆ ಅಂತ ಎಣಿಸಬಲ್ಲ ಸರ್ಕಾರಕ್ಕೆ 13 ಹಳ್ಳಿಯ ಮನುಷ್ಯರನ್ನು ಎಣಿಸೋಕೆ ಬರಲ್ಲ ಅಂದ್ರೆ ನಾನು ನಂಬಲ್ಲ. ಬರುತ್ತೆ. ಎಣಿಸಲಿ.

ಶೇರ್ ಮಾಡಿ. ಕಾಪಿ ಪೇಸ್ಟ್ ಮಾಡಿದರೂ ಅಡ್ಡಿ ಇಲ್ಲ, ಬೇಡಿಕೆ ನಾಲ್ಕನ್ನು ಮಾತ್ರ ಕತ್ತರಿಸಬೇಡಿ.

ಜೈ ಭೀಮ್. ಜೈ ಸಂವಿಧಾನ.