ಮರಳು ಮತ್ತು ಏಳನೆಯ ಕಟ್ಟಳೆ



ಪಾಪನಿವೇದನೆಗೆ ಮುನ್ನ ನಾವು ಆತ್ಮಶೋಧನೆ ಮಾಡಿಕೊಳ್ಳುತ್ತೇವೆ. ದೇವರ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ನೆನೆಯುತ್ತಾ ಏಳನೆಯದಕ್ಕೆ ಬಂದಾಗ ನಮ್ಮಲ್ಲಿ ಬಹುಮಂದಿಯ ಮನಸ್ಸು ಹಗುರವಾಗುತ್ತದೆ. ಯಾರ ಮನೆಗೂ ಕನ್ನ ಹಾಕಿದವರಲ್ಲ ನಾವು. ಯಾರ ಜೇಬಿಗೂ ಕೈ ಹಾಕಿದವರಲ್ಲ. ಆದರೆ ನಡುರಾತ್ರಿಯಲ್ಲಿ ಲಾರಿಯೊಂದು ಬಂದು ಮನೆಯ ಮುಂದೆ ಸುರಿದು ಹೋದ ಮರಳಿನ ರಾಶಿಯ ವಿಚಾರವೇನು? ಅದಕ್ಕೆ ರಸೀದಿ ಇತ್ತೆ? ಸಾಗಣೆಯ ಪರವಾನಗಿ ಇತ್ತೆ? ಹಗಲು ಬಾರದೆ ಇರುಳೇ ಏಕೆ ಬಂತೆಂದು ನಾವು ಕೇಳಿದೆವೆ? ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ಅಂಜಿಕೆಯಿಂದಲೇ ಕೇಳಲಿಲ್ಲ. ಹಾಗೆ ಬಂದ ಮರಳು ಕದ್ದ ಮಾಲು; ತಿಳಿದೂ ಅದನ್ನು ಕೊಂಡವರು ಏಳನೆಯ ಕಟ್ಟಳೆಯನ್ನು ಮೀರಿದವರು. ಈ ಮಾತು ಕಠಿಣವೆನಿಸಬಹುದು. ಆದರೂ ಇದನ್ನು ಹೇಳಲೇಬೇಕಾದ ಕಾಲ ಬಂದಿದೆ.

ನಾವು ಬಾಳುತ್ತಿರುವ ಈ ಕಣಿವೆಯನ್ನು ಒಮ್ಮೆ ನೆನೆಯೋಣ. ಕೇರಳದ ವಯನಾಡಿನಲ್ಲಿ ಹುಟ್ಟಿದ ಕಬಿನಿಯು ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ನಂಜನಗೂಡಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಸಂಗಮದ ಬಳಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರ ನೆಲೆ ಬೆಳಕಿಗೆ ಬಂತು, ಡಾ. ಎಂ. ಶೇಷಾದ್ರಿಯವರು ಸಿದ್ಧಪಡಿಸಿದ ಅದರ ವರದಿ 1971ರಲ್ಲಿ ಪ್ರಕಟವಾಯಿತು. ಅಂದರೆ ಗಂಗರು ತಲಕಾಡನ್ನು ರಾಜಧಾನಿಯಾಗಿ ಮಾಡಿಕೊಳ್ಳುವುದಕ್ಕೂ ಸಾವಿರಾರು ವರ್ಷ ಮೊದಲೇ ಜನರು ಈ ದಡದಲ್ಲಿ ಬದುಕಿದ್ದರು, ಸತ್ತವರನ್ನು ಇಲ್ಲೇ ಹೂಳಿದ್ದರು. ಚೋಳರು ಬಂದರು, ಹೊಯ್ಸಳರು ಬಂದರು, ಮೈಸೂರಿನ ಒಡೆಯರು ಬಂದರು. ಸುಮಾರು 1735ರಲ್ಲಿ ದಳವಾಯಿಗಳ ಕಾಲದಲ್ಲಿ ಕಟ್ಟಿದ ನಂಜನಗೂಡಿನ ಕಲ್ಲುಸೇತುವೆ ಇಂದಿಗೂ ನಿಂತಿದೆ. ಯಾವ ದೊರೆಯೂ ಹೊಳೆಯ ತಳವನ್ನು ಬಗೆದು ಊರೂರಿಗೆ ಮಾರಲಿಲ್ಲ. ಆ ಕೀರ್ತಿ ನಮ್ಮ ತಲೆಮಾರಿನದು.

ಹೊಳೆಯಲ್ಲಿ ಬಿದ್ದಿರುವ ಮರಳು ಯಾರಿಗೂ ಬೇಡದ ವಸ್ತುವೆಂದು ತಿಳಿಯುವುದೇ ನಮ್ಮ ಮೊದಲ ತಪ್ಪು. ಮರಳು ಹೊಳೆಯ ಕಣಜ. ಒಂದು ಘನ ಮೀಟರ್ ಮರಳಿನ ಕಣಗಳ ಸಂದಿನಲ್ಲಿ ಸುಮಾರು 300 ಲೀಟರ್ ನೀರು ನಿಲ್ಲಬಲ್ಲದು. ಮಳೆಗಾಲದಲ್ಲಿ ಹೀರಿಕೊಂಡ ನೀರನ್ನು ಬೇಸಿಗೆಯಲ್ಲಿ ದಡದ ಬಾವಿಗಳಿಗೆ ಮೆಲ್ಲಗೆ ಬಿಟ್ಟುಕೊಡುವುದು ಆ ಮರಳೇ. ಹೊಳೆ ಬತ್ತಿದ ಕಾಲದಲ್ಲಿ ನಮ್ಮ ಅಜ್ಜಿಯರು ಮರಳಿನಲ್ಲಿ ಚಿಲುಮೆ ತೋಡಿ ತಿಳಿನೀರನ್ನು ಬಿಂದಿಗೆಗೆ ತುಂಬಿಕೊಂಡದ್ದು ಆ ಕಣಜದಿಂದಲೇ. ಮರಳನ್ನು ಬಗೆದರೆ ಹೊಳೆಯ ತಳ ತಗ್ಗುತ್ತದೆ. ಅದರೊಡನೆ ಅಕ್ಕಪಕ್ಕದ ಬಾವಿಗಳ ನೀರೂ ತಗ್ಗುತ್ತದೆ. ದಡ ಕುಸಿದು ರೈತನ ಗದ್ದೆಯನ್ನು ನುಂಗುತ್ತದೆ. ಸೇತುವೆಯ ಕಂಬಗಳ ಬುಡ ಬಯಲಾಗುತ್ತದೆ. ಈಜಲು ಇಳಿದ ಮಕ್ಕಳು ಆಳದ ಅರಿವಿಲ್ಲದೆ ಮರಳುಗುಂಡಿಯಲ್ಲಿ ಮುಳುಗಿದ ಸುದ್ದಿಯನ್ನು ನಾಡಿನ ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ.

“ಹೊಳೆ ಬಂದರೆ ಮರಳು ತಾನೇ ಬರುತ್ತದೆ, ದೇವರು ಕೊಡುತ್ತಾನೆ” ಎನ್ನುವವರಿದ್ದಾರೆ. ದೇವರು ಕೊಡುತ್ತಾನೆ, ನಿಜ. ಆದರೆ ಅವನು ಕೊಟ್ಟದ್ದು ನಮ್ಮವರೆಗೆ ಬರುವ ದಾರಿಯಲ್ಲಿ ನಾವು ಕಟ್ಟೆ ಕಟ್ಟಿಕೊಂಡಿದ್ದೇವೆ. 1930ರ ದಶಕದ ಆರಂಭದಲ್ಲಿ ಕಾವೇರಿಗೆ ಕನ್ನಂಬಾಡಿ ಕಟ್ಟೆ ಬಂತು. 1974ರಲ್ಲಿ ಕಬಿನಿಗೆ ಬಿದರಹಳ್ಳಿಯ ಬಳಿ ಅಣೆಕಟ್ಟು ಬಂತು. ಅವುಗಳಿಂದ ನಮಗಾದ ಉಪಕಾರವನ್ನು ಮರೆಯಲಾಗದು. ಆದರೆ ಮೇಲಿನಿಂದ ಉರುಳಿ ಬರುವ ಮರಳಿನ ಬಹುಪಾಲು ಜಲಾಶಯಗಳಲ್ಲೇ ತಂಗುತ್ತದೆ. ಕೆಳಗಿರುವ ನಂಜನಗೂಡು, ನರಸೀಪುರಗಳ ಹೊಳೆಯಲ್ಲಿರುವುದು ಹೆಚ್ಚಾಗಿ ಹಿಂದಿನ ಕಾಲದ ಗಂಟು. ಹೊಸ ವರಮಾನ ಕಡಿಮೆಯಾದ ಮನೆಯಲ್ಲಿ ಅಸಲನ್ನೇ ತಿಂದರೆ ಏನಾಗುತ್ತದೆಂದು ಸಂಸಾರ ನಡೆಸುವವರಿಗೆ ಹೇಳಿಕೊಡಬೇಕಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ಉಕ್ಕಿ ಮೈಸೂರು–ನಂಜನಗೂಡು ಹೆದ್ದಾರಿಯೇ ಮುಳುಗಿತು. ಅಂಥ ಪ್ರವಾಹವೂ ಕಳೆದುಹೋದ ಕಣಜವನ್ನು ತುಂಬಿಕೊಡಲಾರದು.

“ಇದು ಸರ್ಕಾರದ ಕೆಲಸ, ನಮಗೇಕೆ?” ಎಂಬುದು ಮತ್ತೊಂದು ಮಾತು. ಕಾನೂನು ತನ್ನ ಮಾತನ್ನು ಹೇಳಿಯಾಗಿದೆ. ಎಷ್ಟೇ ಸಣ್ಣ ಗಣಿಯಾದರೂ ಪರಿಸರ ಅನುಮತಿ ಬೇಕೆಂದು 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅನುಮತಿಯಿಲ್ಲದ ಮರಳುಗಾರಿಕೆಯನ್ನು 2013ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆಯಿತು. ಹೊಳೆಯಿಂದ ಅಕ್ರಮವಾಗಿ ಮರಳು ಸಾಗಿಸುವವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಕಳ್ಳತನದ ಮೊಕದ್ದಮೆಯನ್ನೂ ಹೂಡಬಹುದೆಂದು 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2016ರ ಕೇಂದ್ರ ಮಾರ್ಗಸೂಚಿಯು ಮೂರು ಮೀಟರ್ ಅಥವಾ ನೀರಿನ ಮಟ್ಟ, ಇವುಗಳಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಆಳಕ್ಕೆ ಹೋಗಬಾರದೆಂದು ಮಿತಿ ಹಾಕಿತು. ಕಾಗದದ ಮೇಲೆ ಕೊರತೆಯಿಲ್ಲ. ಕೊಳ್ಳುವವರು ಇರುವ ತನಕ ಕದಿಯುವವರು ಇರುತ್ತಾರೆ, ಕೊಳ್ಳುವವರು ನಾವು.

“ಬಡವರ ಕೂಲಿಗೆ ಕಲ್ಲು ಹಾಕುತ್ತೀರಾ?” ಎಂದು ಕೇಳುವವರೂ ಉಂಟು. ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು, ಮುಳುಗಿ ಮುಳುಗಿ ಬುಟ್ಟಿಯಲ್ಲಿ ಮರಳೆತ್ತುವ ಕೂಲಿಯವನಿಗೂ ಹಸಿದ ಮಕ್ಕಳಿದ್ದಾರೆ. ಆದರೆ ಲಾಭವೆಲ್ಲ ಎಲ್ಲಿ ಸೇರುತ್ತದೆ? ಅವನ ಗುಡಿಸಲಿಗಲ್ಲ. ಪೊಲೀಸರು ಬಂದಾಗ ಸಿಕ್ಕಿಬೀಳುವವನು ಅವನು, ಟಿಪ್ಪರಿನ ಒಡೆಯನಲ್ಲ. ಇನ್ನು ಬಾವಿ ಬತ್ತಿದ ಸಣ್ಣ ರೈತ, ಮೀನು ಕಾಣದ ಬೆಸ್ತ, ದೂರದಿಂದ ಬಿಂದಿಗೆ ಹೊರುವ ಹೆಂಗಸು, ಇವರು ಬಡವರಲ್ಲವೆ? ಯಂತ್ರಗಳಿಗೆ ಅವಕಾಶ ಕೊಡದೆ, ಕಾನೂನಿನ ಮಿತಿಯೊಳಗೆ ದುಡಿಯುವವರಿಗೆ ನ್ಯಾಯವಾದ ಕೂಲಿ ಕೊಡಿಸಿ ಎಂದು ಕೇಳುವುದು ಬಡವರ ಪಕ್ಷ. ಕಳ್ಳತನಕ್ಕೆ ಬಡವರ ಹೆಸರನ್ನು ಮರೆಮಾಡುವುದು ಬಡವರ ಪಕ್ಷವಲ್ಲ.

ನೆರೆಯ ತಲಕಾಡಿನ ಕಥೆಯನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದೇವೆ. ಅಲಮೇಲಮ್ಮನ ಶಾಪದಿಂದ ಊರು ಮರಳಾಯಿತೆಂಬುದು ಜನರ ನಂಬಿಕೆ. ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೊಂದು ಕಾರಣ ಮುಂದಿಟ್ಟರು: 14ನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ಹೊಳೆಯ ಪಾತ್ರದಲ್ಲಿ ಮರಳು ಬಯಲಾಗಿ, ಗಾಳಿ ಅದನ್ನು ಊರಿನೊಳಕ್ಕೆ ಹೊತ್ತು ತಂದಿತು ಎಂದು. ಈ ವಿವರಣೆಯಂತೆ ಯೋಚಿಸಿದರೆ, ಒಳಿತಿಗೆಂದೇ ಕೈಯಾಡಿಸಿದ ಒಂದು ಕೆಲಸದ ಫಲವನ್ನು ಮುಂದಿನ ತಲೆಮಾರುಗಳು ಉಂಡವು. ನಾವಂತೂ ಒಳಿತಿಗಾಗಿ ಕೈಯಾಡಿಸುತ್ತಿಲ್ಲ, ಹಣಕ್ಕಾಗಿ ಬಗೆಯುತ್ತಿದ್ದೇವೆ. ನಮ್ಮ ಮೊಮ್ಮಕ್ಕಳು ಯಾರ ಶಾಪವನ್ನು ದೂರಬೇಕು?

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಮೌನವಾಗಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸೃಷ್ಟಿಯನ್ನು ಗೌರವಿಸುವ ಕರ್ತವ್ಯವನ್ನು ಏಳನೆಯ ಕಟ್ಟಳೆಯ ಅಡಿಯಲ್ಲೇ ಇರಿಸಿದೆ (2415). ಅದೇ ಅಧ್ಯಾಯವು ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಕದ್ದವನೊಬ್ಬನದೇ ಅಲ್ಲ, ಕದಿಯಲು ಹೇಳಿದವನದೂ ನೆರವಾದವನದೂ ಕದ್ದ ಮಾಲನ್ನು ಪಡೆದವನದೂ ಹೌದೆನ್ನುತ್ತದೆ (2412). ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಶುದ್ಧ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಸಾರಿದರು. ಹೊಳೆಯ ಕಣಜವನ್ನು ಬರಿದು ಮಾಡುವವರು ಆ ಹಕ್ಕನ್ನೇ ಕಸಿಯುತ್ತಾರೆ.

ಹಾಗಾದರೆ ಮೊದಲ ಕಲ್ಲು ಬೀಳಬೇಕಾದದ್ದು ನಮ್ಮ ಅಂಗಳದಲ್ಲೇ. ದೇವಾಲಯ, ಗವಿ, ಕಮಾನು, ಸಭಾಂಗಣ, ಶಾಲೆಯ ಕಾಂಪೌಂಡು ಎಂದು ನಾವು ಕಟ್ಟುತ್ತಲೇ ಇದ್ದೇವೆ. ಬಲಿಪೀಠದ ಕೆಳಗಿನ ನೆಲಕ್ಕೆ ಹಾಕಿದ ಮರಳು ಎಲ್ಲಿಂದ ಬಂತೆಂದು ಪಾಲನಾ ಪರಿಷತ್ತಿನ ಸಭೆಯಲ್ಲಿ ಕೇಳಿದವರೆಷ್ಟು ಮಂದಿ? “ಈಗ ಎಂ-ಸ್ಯಾಂಡ್ ಇದೆಯಲ್ಲ” ಎಂದು ನೆಮ್ಮದಿಪಡುವುದೂ ಸಾಲದು. ಹೊಳೆಗೆ ಅದರಿಂದ ಬಿಡುವು ಸಿಗುತ್ತದೆ, ಅದನ್ನೇ ಬಳಸೋಣ. ಆದರೆ ಅದೂ ಬಂಡೆಯನ್ನು ಒಡೆದು ಪುಡಿಮಾಡಿದ್ದೇ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿಯನ್ನು ಬಳಸುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2022ರಲ್ಲಿ ಎಚ್ಚರಿಸಿತು. ಅಗತ್ಯಕ್ಕಿಂತ ದೊಡ್ಡದಾಗಿ ಕಟ್ಟದಿರುವುದೇ ಮೊದಲ ಸಂಯಮ.

ಆದುದರಿಂದ, ವಾಚಕರೇ, ನಿಮ್ಮ ಮುಂದೆ ಇಡುವ ಬೇಡಿಕೆ ಸರಳವಾದದ್ದು. ಮನೆ ಕಟ್ಟುವಾಗ ಪರವಾನಗಿ ತೋರಿಸದ ಲಾರಿಯನ್ನು ಹಿಂದಕ್ಕೆ ಕಳುಹಿಸಿ. ನಿಮ್ಮ ಮೇಸ್ತ್ರಿಗೂ ಗುತ್ತಿಗೆದಾರನಿಗೂ ಇದನ್ನು ಮೊದಲೇ ಹೇಳಿಬಿಡಿ. ಧರ್ಮಕೇಂದ್ರದ ಕಟ್ಟಡದ ಲೆಕ್ಕದಲ್ಲಿ ಮರಳಿನ ರಸೀದಿ ಇರಲೇಬೇಕೆಂದು ಒತ್ತಾಯಿಸಿ. ಗ್ರಾಮಸಭೆಯಲ್ಲಿ ಹೊಳೆಯ ಮಾತು ಬಂದಾಗ ನೆರೆಯ ಹಿಂದೂ, ಮುಸ್ಲಿಂ ಬಂಧುಗಳೊಡನೆ ನಿಂತು ಮಾತನಾಡಿ. ಬಾವಿ ಬತ್ತುವಾಗ ಅದು ಜಾತಿ ಕೇಳಿ ಬತ್ತುವುದಿಲ್ಲ.

ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ದಿನ ಬರಿಯ ಪಶ್ಚಾತ್ತಾಪದ ಮಾತಾಡಲಿಲ್ಲ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಹೊಳೆಗೆ ನಾವು ನಾಲ್ಕರಷ್ಟು ಹಿಂದಿರುಗಿಸಲಾರೆವು, ಒಂದರಷ್ಟನ್ನೂ ಹಿಂದಿರುಗಿಸಲಾರೆವು. ಇನ್ನು ಮುಂದೆ ಕದಿಯದಿರಬಹುದು, ಕದ್ದದ್ದನ್ನು ಕೊಳ್ಳದಿರಬಹುದು. ಮುಂದಿನ ಪಾಪನಿವೇದನೆಯಲ್ಲಿ ಏಳನೆಯ ಕಟ್ಟಳೆಗೆ ಬಂದಾಗ ಮನೆಯ ಮುಂದಿನ ಆ ರಾಶಿಯನ್ನೂ ನೆನೆಯೋಣ.