ಕಾಲ್ಚೆಂಡಿನ ಲೆಕ್ಕ

ರಾಯಚೂರಿಗೆ ಸ್ವಂತ ವಿಶ್ವವಿದ್ಯಾನಿಲಯವು ಬಂದಿದೆ. ಕಾಲೇಜು ಹುಡುಗರಲ್ಲಿ ಕಾಲ್ಚೆಂಡಿಗೆ ತಕ್ಕವರನ್ನು ಆರಿಸುವ ಹಿರಿಯರಿಗೆ ನಮ್ಮದೊಂದು ಬಿನ್ನಹವುಂಟು: ಗೋಲುಗಳ ಒಟ್ಟು ಮೊತ್ತವೊಂದನ್ನೇ ನೋಡಬಾರದು.

ನಗರದ ಹುಡುಗನೊಬ್ಬನು 16 ಆಟಗಳಲ್ಲಿ 8 ಗೋಲು ಹೊಡೆದನೆಂದಿಟ್ಟುಕೊಳ್ಳೋಣ. ದೇವದುರ್ಗದವನು 4 ಆಟಗಳಲ್ಲಿ 3. ಮೊತ್ತದಲ್ಲಿ ಮೊದಲನೆಯವನು ಮುಂದು. ಆಟಗಳಿಂದ ಭಾಗಿಸಿದರೆ ಎರಡನೆಯವನೇ ಮುಂದು. ಆದರೂ ನಾಲ್ಕೇ ಆಟಗಳ ಲೆಕ್ಕವನ್ನು ನೆಚ್ಚುವಂತಿಲ್ಲ. ಅನ್ನ ಬೆಂದಿತೇ ಎಂದರಿಯಲು ಒಂದಗುಳು ಸಾಕು, ಆಟಗಾರನನ್ನರಿಯಲು ಸಾಲದು. ಆದುದರಿಂದ ಅವನನ್ನು ಕೈಬಿಡದೆ ಇನ್ನಷ್ಟು ಆಡಿಸಿ ನೋಡತಕ್ಕದ್ದು.

ಮಾನ್ವಿಯ ಹುಡುಗನು ಗೋಲಿನ ಮುಂದೆ ನಿಂತು ತಡೆದ ಚೆಂಡುಗಳೂ ಲೆಕ್ಕಕ್ಕೆ ಸೇರಬೇಕು. ತಾಯಿತಂದೆಗಳೇ, ಮಕ್ಕಳು ಆಡಿದ ನಿಮಿಷ, ಹೊಡೆದ ಗೋಲು, ತಡೆದ ಚೆಂಡುಗಳನ್ನು ಮನೆಯಲ್ಲಿಯೇ ಬರೆದಿಡಿರಿ.

ಅವಕಾಶ ಕೊಡದೆ ಅಂಕಿ ಕೇಳುವುದು ಬಿತ್ತದೆ ಬೆಳೆ ಕೇಳಿದಂತೆಯೇ ಸರಿ.