ಪೆಂಡಾಲ್ ಬಿಚ್ಚಿದರೂ ಸಮಿತಿ ಬಿಚ್ಚದಿರಲಿ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಬೆಂಗಳೂರಿನ ಯಾವ ಬಡಾವಣೆಯಲ್ಲೇ ಆಗಲಿ, ಸಂಜೆ ಹೊತ್ತು ನಾಲ್ಕೈದು ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲು ತಟ್ಟುತ್ತಾರೆ. ‘ಆಂಟಿ, ಗಣೇಶನ ಚಂದಾ’ ಎನ್ನುತ್ತಾರೆ. ಹಬ್ಬ ಮುಗಿದು ಸ್ವಲ್ಪ ದಿನ ಕಳೆದರೆ ಅದೇ ಹುಡುಗರು ಇನ್ನೊಂದು ಪುಸ್ತಕ ಹಿಡಿದು ಬರುತ್ತಾರೆ. ಈ ಸಲ ರಾಜ್ಯೋತ್ಸವಕ್ಕೆ. ‘ಮೊನ್ನೆ ತಾನೇ ಕೊಟ್ಟೆವಲ್ಲಪ್ಪಾ’ ಎಂದು ಗೊಣಗುತ್ತಲೇ ಎಲ್ಲರೂ ಕೊಡುತ್ತಾರೆ.

ಈ ಹುಡುಗರ ಬಗ್ಗೆ ಓದಿದವರ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಮಾತು. ಒಂದು, ‘ಸೌಂಡು ಜಾಸ್ತಿ’. ಇನ್ನೊಂದು, ‘ಬೇರೆ ಕೆಲಸ ಇಲ್ಲ’. ನನ್ನ ಅಭಿಪ್ರಾಯ ಬೇರೆ. ಒಂದು ಬೀದಿಯ ಜನರನ್ನು ಸೇರಿಸಿ, ದುಡ್ಡು ಕೂಡಿಸಿ, ಹೇಳಿದ ದಿನಕ್ಕೆ ಕೆಲಸ ಮಾಡಿ ತೋರಿಸುವ ತಾಕತ್ತು ಈ ನಗರದಲ್ಲಿ ಯಾರಿಗಾದರೂ ಇದ್ದರೆ ಅದು ಇವರಿಗೇ. ಆ ತಾಕತ್ತು ವರ್ಷಕ್ಕೆ ಹದಿನೈದು ದಿನ ಮಾತ್ರ ಎದ್ದು ಓಡಾಡಿ, ಉಳಿದ 350 ದಿನ ಮಲಗಿಬಿಡುತ್ತದೆ ಎನ್ನುವುದಷ್ಟೇ ನನ್ನ ತಕರಾರು.

ಒಂದು ಪೆಂಡಾಲ್ ಏಳಬೇಕಾದರೆ ಏನೇನು ಆಗಬೇಕು ಎಂದು ಒಮ್ಮೆ ಯೋಚಿಸಿ. ಪೊಲೀಸ್ ಠಾಣೆಯ ಅನುಮತಿ ಬೇಕು. ಬೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಬೇಕು. ರಾತ್ರಿ 10 ಗಂಟೆಗೆ ಮೈಕ್ ಆಫ್ ಆಗಬೇಕು. ಮಣ್ಣಿನ ಮೂರ್ತಿಯೇ ಆಗಬೇಕು, ಗುರುತಿಸಿದ ಕಲ್ಯಾಣಿಯಲ್ಲೋ ಟ್ಯಾಂಕರ್‌ನಲ್ಲೋ ಬಿಡಬೇಕು. ಅನ್ನಸಂತರ್ಪಣೆಗೆ ಅಡುಗೆಯವರು, ಬಾಳೆ ಎಲೆ, ಕುಡಿಯುವ ನೀರು, ಆಮೇಲೆ ಎಂಜಲು ಎಲೆ ಎತ್ತುವ ವ್ಯವಸ್ಥೆ ಆಗಬೇಕು. ಕೊನೆಗೆ ಒಂದು ಬೋರ್ಡಿನ ಮೇಲೆ ಜಮಾ–ಖರ್ಚು ಬರೆದು ನಿಲ್ಲಿಸಬೇಕು. ನಾವು ಬಿಇನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದು ಓದಿ ಪರೀಕ್ಷೆ ಬರೆಯುವುದನ್ನು, ಪಿಯುಸಿಗೇ ಓದು ಬಿಟ್ಟ ಗ್ಯಾರೇಜ್ ಹುಡುಗ ಪ್ರತಿವರ್ಷ ಮಾಡಿ ಮುಗಿಸುತ್ತಾನೆ.

ಈಗ ನಮ್ಮ ಬೀದಿಯ ಒಂದು ಸಂಗತಿ ಹೇಳುತ್ತೇನೆ. ಹಿಂದಿನ ರಾಜ್ಯೋತ್ಸವಕ್ಕೆ ವೇದಿಕೆ ಹಾಕಿದ್ದ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಮೋರಿಯ ಮೇಲಿನ ಚಪ್ಪಡಿಯೊಂದು ಮುರಿದು ತಿಂಗಳುಗಳೇ ಆಗಿದ್ದವು. ಯಾರೋ ಪುಣ್ಯಾತ್ಮರು ಅದರೊಳಗೆ ಒಂದು ಮರದ ಕೊಂಬೆ ಸಿಕ್ಕಿಸಿದ್ದರು. ನಮ್ಮೂರಿನಲ್ಲಿ ಅಪಾಯದ ಫಲಕ ಎಂದರೆ ಅದೇ ತಾನೆ? ಒಂದು ಸಂಜೆ ಆ ಕೊಂಬೆಯೂ ಇರಲಿಲ್ಲ. ಆರ್ಕೆಸ್ಟ್ರಾ ಕೇಳಲು ಮೊಮ್ಮಗನ ಕೈ ಹಿಡಿದು ಬರುತ್ತಿದ್ದ ಪಕ್ಕದ ಮನೆಯ ಅಜ್ಜಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ಎತ್ತಿ ಆಟೊದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದವರು ಸಮಿತಿಯ ಹುಡುಗರೇ. ಆಪರೇಷನ್ ಆಯಿತು. ಆದರೆ ದಿನವೂ ಸಂಜೆ ದೇವಸ್ಥಾನದ ಕಟ್ಟೆಗೆ ಹೋಗಿ ಕೂರುತ್ತಿದ್ದ ಅಜ್ಜಿ ಆಮೇಲೆ ಗೇಟು ದಾಟಿಲ್ಲ.

ಆ ಚಪ್ಪಡಿಗೆ ಎಷ್ಟು ಖರ್ಚಾಗುತ್ತಿತ್ತು? ಅವತ್ತಿನ ವೇದಿಕೆಯ ಹೂವಿನ ಅಲಂಕಾರಕ್ಕಿಂತ ಖಂಡಿತ ಕಡಿಮೆ. ಹಾಗಂತ ಅಲಂಕಾರ ಬೇಡ, ಹಬ್ಬ ಬೇಡ ಎಂದು ನಾನು ಹೇಳುತ್ತಿಲ್ಲ. ಹಬ್ಬ ಇಲ್ಲದಿದ್ದರೆ ನಮ್ಮ ಬೀದಿಯಲ್ಲಿ ಯಾರಿಗೆ ಯಾರು ಎನ್ನುವುದೇ ಗೊತ್ತಿರುತ್ತಿರಲಿಲ್ಲ. ಅಜ್ಜಿಯನ್ನು ಎತ್ತಲು ಅಷ್ಟು ಕೈಗಳೂ ಸಿಗುತ್ತಿರಲಿಲ್ಲ. ನನ್ನ ಮಾತು ಇಷ್ಟೆ: ಹಬ್ಬಕ್ಕೆ ಸೇರಿದ ಕೈಗಳು ಹಬ್ಬ ಮುಗಿದ ಮೇಲೂ ಬಿಡಬಾರದು.

ಇದಕ್ಕೆ ನನ್ನ ಬಳಿ ಒಂದು ಕಾರಣ ಇದೆ. ಬಡಾವಣೆಯ ಸಮಸ್ಯೆ ಎಂದಕೂಡಲೇ ನಾವು ನಿವಾಸಿಗಳ ಸಂಘದ ಕಡೆ ನೋಡುತ್ತೇವೆ. ಅವರಲ್ಲಿ ಒಳ್ಳೆಯ ಕೆಲಸ ಮಾಡುವವರು ಬಹಳ ಇದ್ದಾರೆ. ಆದರೆ ಎಷ್ಟೋ ಸಂಘಗಳಲ್ಲಿ ಸದಸ್ಯರಾಗಲು ಸ್ವಂತ ಮನೆಯೋ ಸೈಟೋ ಇರಬೇಕು. ಬಾಡಿಗೆಯವರು, ಪಿಜಿಯಲ್ಲಿರುವವರು, ಬೇಕರಿಯವರು, ಇಸ್ತ್ರಿ ಗಾಡಿಯವರು ಲೆಕ್ಕಕ್ಕೇ ಬರುವುದಿಲ್ಲ. ಚಂದಾ ಪುಸ್ತಕ ಹಾಗಲ್ಲ. ಅದು ಯಾರನ್ನೂ ಬಿಡುವುದಿಲ್ಲ! ಮೂರನೇ ಮಹಡಿಯ ಬಾಡಿಗೆ ಮನೆಗೂ ಹೋಗುತ್ತದೆ, ಮೂಲೆಯ ಪಂಕ್ಚರ್ ಅಂಗಡಿಗೂ ಹೋಗುತ್ತದೆ. ನಮ್ಮ ಬೀದಿಯಲ್ಲಿ ಗಣೇಶನಿಗೆ ಪ್ರತಿವರ್ಷ ತಪ್ಪದೆ ಚಂದಾ ಕೊಡುವವರಲ್ಲಿ ಟೈಲರ್ ಸಾಬರೂ ಒಬ್ಬರು. ಹಬ್ಬ ಒಬ್ಬರದಾಗಿರಬಹುದು, ಮೋರಿ ಎಲ್ಲರದು. ಹಾಗಾಗಿ ಒಂದು ಬೀದಿಯಲ್ಲಿ ನಿಜವಾಗಿ ಯಾರು ಬದುಕುತ್ತಿದ್ದಾರೆ ಎನ್ನುವ ಪಟ್ಟಿ ಬೇಕಿದ್ದರೆ ಚಂದಾ ಪುಸ್ತಕಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಲೋಕಮಾನ್ಯ ತಿಲಕರು 1893ರಲ್ಲಿ ಪುಣೆಯಲ್ಲಿ ಗಣೇಶನ ಹಬ್ಬವನ್ನು ಮನೆಯಿಂದ ಬೀದಿಗೆ ತಂದಾಗ ಅವರಿಗೆ ಬೇಕಿದ್ದದ್ದು ಮೂರ್ತಿಯ ಎತ್ತರ ಅಲ್ಲ, ಜನ ಒಟ್ಟಿಗೆ ಸೇರಲು ಒಂದು ನೆಪ. ಅದಕ್ಕೇ ಇದು ‘ಸಾರ್ವಜನಿಕ’ ಗಣೇಶೋತ್ಸವ. ಅದೇ ಪದ ‘ಸಾರ್ವಜನಿಕ ರಸ್ತೆ’, ‘ಸಾರ್ವಜನಿಕ ಶೌಚಾಲಯ’ ಎಂಬಲ್ಲೂ ಇದೆ. ಅಲ್ಲಿ ಮಾತ್ರ ಆ ಪದಕ್ಕೆ ‘ಯಾರದ್ದೂ ಅಲ್ಲ’ ಎಂದು ಅರ್ಥ ಮಾಡಿಕೊಂಡಿದ್ದೇವೆ.

ಸೇರಿದ ಜನ ಏನು ಮಾಡಬಹುದು ಎನ್ನುವುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಗಳಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. ಮುಂದಿನ ವರ್ಷ ಪಾಲಿಕೆ ಕೆರೆಯ ನಿರ್ವಹಣೆಯನ್ನೇ ಅವರಿಗೆ ವಹಿಸಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಸುತ್ತಲಿನವರು ಪಾಲಿಕೆಯ ಜೊತೆ ಸೇರಿ ಕೆರೆಗೆ ಜೀವ ಕೊಟ್ಟರು, ಆ ಕೆರೆಯ ಹೆಸರಿನಲ್ಲೇ ಹಬ್ಬವನ್ನೂ ಮಾಡಿದರು. 2010ರಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಬಳಗದವರು ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ, ಕಸ ಸುರಿಯುವ ಮೂಲೆಗಳನ್ನು ಗುಡಿಸಿ, ಬಣ್ಣ ಬಳಿದು, ಗಿಡ ಇಟ್ಟು ಬಂದರು. ಬಣ್ಣ ಬಳಿದ ಗೋಡೆಯ ಬುಡದಲ್ಲಿ ಕಸ ಹಾಕಲು ಕೈ ಅಷ್ಟು ಸುಲಭವಾಗಿ ಏಳುವುದಿಲ್ಲ ಎಂದು ತೋರಿಸಿಕೊಟ್ಟರು.

‘ನಾವು ತೆರಿಗೆ ಕಟ್ಟುವುದು ಯಾಕೆ? ಚಪ್ಪಡಿಯನ್ನೂ ನಾವೇ ಹಾಕಬೇಕಾ?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಚಪ್ಪಡಿ ಹಾಕುವುದು ನಮ್ಮ ಕೆಲಸ ಅಲ್ಲ, ಹಾಕಿಸುವುದು ನಮ್ಮ ಕೆಲಸ. ಎರಡಕ್ಕೂ ವ್ಯತ್ಯಾಸ ಇದೆ. ಒಬ್ಬರು ಫೋನ್ ಮಾಡಿದರೆ ‘ನೋಡ್ತೀವಿ’ ಎಂಬ ಉತ್ತರ ಬರುತ್ತದೆ. ನೂರು ಮನೆಯವರು ಸಹಿ ಹಾಕಿ, ಅಳತೆ ಸಮೇತ ಪತ್ರ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದರೆ ಉತ್ತರದ ಧಾಟಿಯೇ ಬೇರೆ.

ಅಜ್ಜಿ ಬಿದ್ದ ಮೇಲೆ ನಮ್ಮ ಬೀದಿಯಲ್ಲಿ ನಡೆದದ್ದು ಇದೇ. ಸಿವಿಲ್ ಓದುವ ನಾವು ಮೂವರು ಟೇಪು ಹಿಡಿದು, ಸಮಿತಿಯ ಹುಡುಗರ ಜೊತೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದೆವು. ಪಾದಚಾರಿಗಳ ಸೌಕರ್ಯಕ್ಕಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ‘ಐಆರ್‌ಸಿ 103’ ಎಂಬ ಮಾರ್ಗಸೂಚಿ ಇದೆ. ಅದರ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಜಾಗ ಅಡೆತಡೆ ಇಲ್ಲದೆ ಸಿಗಬೇಕು. ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಎರಡು ವ್ಹೀಲ್‌ಚೇರ್‌ಗಳು ಎದುರುಬದುರು ಬಂದರೂ ದಾಟಿಕೊಂಡು ಹೋಗುವಷ್ಟು ಜಾಗ ಅದು. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್, ಬೈಕು, ಮನೆ ಮುಂದಿನ ರ‍್ಯಾಂಪು, ಬಿದ್ದ ಕೇಬಲ್ಲು ಎಲ್ಲ ಕಳೆದರೆ ಅರ್ಧವೂ ಉಳಿಯಲಿಲ್ಲ. ಮುರಿದ ಚಪ್ಪಡಿ ಏಳು ಇದ್ದವು. ಪ್ರತಿಯೊಂದಕ್ಕೂ ಫೋಟೊ, ಮನೆ ನಂಬರು, ಉದ್ದಗಲ ಬರೆದೆವು. ಸಮಿತಿಯವರು ಚಂದಾ ಪುಸ್ತಕ ನೋಡಿಕೊಂಡೇ ಮನೆ ಮನೆಗೆ ಹೋಗಿ ಸಹಿ ತಂದರು. ಒಂದೂವರೆ ತಿಂಗಳಲ್ಲಿ ಐದು ಚಪ್ಪಡಿ ಬದಲಾದವು. ಇನ್ನೆರಡಕ್ಕೆ ಟ್ರಾನ್ಸ್‌ಫಾರ್ಮರ್ ಅಡ್ಡ ಇದೆ ಎನ್ನುತ್ತಾರೆ, ಬೆನ್ನು ಹತ್ತಿದ್ದೇವೆ. ದೊಡ್ಡ ಕ್ರಾಂತಿ ಏನಲ್ಲ. ಆದರೆ ಐದು ಕಡೆ ಇನ್ಯಾರೂ ಬೀಳುವುದಿಲ್ಲ.

ಈ ದಾರಿಯಲ್ಲಿ ಒಂದು ನಿಜವಾದ ತೊಡಕಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಎಷ್ಟೋ ಕಡೆ ಪೆಂಡಾಲ್‌ನ ದೊಡ್ಡ ಖರ್ಚು ಹೊರುವವರು ಒಬ್ಬ ‘ಅಣ್ಣ’. ಲೈಟಿಂಗ್ ಅವರದು, ಊಟ ಅವರದು, ಅದಕ್ಕೇ ದೇವರ ಮುಖಕ್ಕಿಂತ ದೊಡ್ಡದಾಗಿ ಅವರ ಮುಖದ ಫ್ಲೆಕ್ಸ್. ಒಮ್ಮೆ ಅವರ ದುಡ್ಡು ಬಂದರೆ ಮೋರಿಯ ಬಗ್ಗೆ ಬಾಯಿ ಬಿಡುವುದು ಕಷ್ಟ. ‘ಅಣ್ಣನಿಗೆ ಬೇಜಾರಾಗುತ್ತೆ, ಮುಂದಿನ ವರ್ಷ ಕೊಡಲ್ಲ’ ಎನ್ನುವ ಮಾತು ಸಮಿತಿಯೊಳಗೇ ಬರುತ್ತದೆ. ನಮ್ಮಲ್ಲೂ ಬಂತು. ಇದಕ್ಕೆ ನನಗೆ ಕಾಣುವ ಪರಿಹಾರ ಒಂದೇ. ಒಬ್ಬರ ಲಕ್ಷಕ್ಕಿಂತ ಐನೂರು ಮನೆಯ ಇನ್ನೂರು ರೂಪಾಯಿ ಮೇಲು. ಮೊತ್ತ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ನಾಲಿಗೆ ಮಾತ್ರ ನಮ್ಮದೇ ಆಗಿ ಉಳಿಯುತ್ತದೆ. ಆರ್ಕೆಸ್ಟ್ರಾ ಸ್ವಲ್ಪ ಚಿಕ್ಕದಾದರೆ ಆಗಲಿ ಬಿಡಿ.

ಇನ್ನೊಂದು ಮಾತು. ನನಗೆ ಇಪ್ಪತ್ತು ವರ್ಷ. ಲೋಕಸಭೆಗೆ ಮತ ಹಾಕಿದ್ದೇನೆ. ಆದರೆ ನನ್ನ ವಾರ್ಡಿನ ಕಾರ್ಪೊರೇಟರ್‌ಗೆ ಮತ ಹಾಕುವ ಭಾಗ್ಯ ಇನ್ನೂ ಬಂದಿಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಗ ನಾನು ಹೈಸ್ಕೂಲಿನಲ್ಲಿದ್ದೆ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ನಗರಗಳಿಗೆ ಸ್ಥಳೀಯ ಆಡಳಿತದ ಖಾತರಿ ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ 1993ರಿಂದಲೇ ಜಾರಿಯಲ್ಲಿದೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಅದು ಹೇಳುತ್ತದೆ. ಕಾನೂನಿನ ಪುಸ್ತಕದಲ್ಲಿ ವಾರ್ಡ್ ಸಮಿತಿ ಇದೆ, ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರಿಲ್ಲ. ಗಣೇಶ ಸಮಿತಿಯ ಅಧ್ಯಕ್ಷ ಯಾರೆಂದು ಮಾತ್ರ ಚಿಕ್ಕ ಮಕ್ಕಳೂ ಹೇಳುತ್ತವೆ! ಹಾಗಾದರೆ ಗೊತ್ತಿರುವ ಸಮಿತಿ ಗೊತ್ತಿಲ್ಲದ ಸಮಿತಿಯ ಬಾಗಿಲು ತಟ್ಟಬೇಕಲ್ಲವೇ? ಚುನಾವಣೆ ನಡೆದು ಕಾರ್ಪೊರೇಟರ್ ಬಂದ ಮೇಲೂ ಬಾಗಿಲು ತಟ್ಟುವವರು ಬೇಕೇ ಬೇಕು.

ಏನು ಮಾಡಬಹುದು? ನನಗೆ ತೋಚಿದ ನಾಲ್ಕು ಸಂಗತಿಗಳು ಇವು.

ಒಂದು, ಪೆಂಡಾಲ್ ಬಿಚ್ಚುವ ದಿನವೇ ಮುಂದಿನ ಸಭೆಯ ದಿನಾಂಕ ಮೈಕಿನಲ್ಲಿ ಹೇಳಿಬಿಡಬೇಕು. ತಿಂಗಳಿಗೆ ಒಂದು ಭಾನುವಾರ, ಒಂದು ಗಂಟೆ ಸಾಕು. ಆ ಸಭೆಗೆ ಹೆಂಗಸರು ಬರಲೇಬೇಕು. ನಮ್ಮ ಹಬ್ಬದ ಸಮಿತಿಗಳಲ್ಲಿ ಅವರು ರಂಗೋಲಿ, ಪ್ರಸಾದದಾಚೆಗೆ ಕಾಣುವುದೇ ಕಡಿಮೆ. ಆದರೆ ಯಾವ ಲೈಟು ಉರಿಯುತ್ತಿಲ್ಲ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಸದ ಗಾಡಿ ಯಾವ ದಿನ ತಪ್ಪಿಸಿತು ಎನ್ನುವುದು ಗೊತ್ತಿರುವುದು ಅವರಿಗೇ.

ಎರಡು, ಕೂಡಿದ ಚಂದಾದಲ್ಲಿ ಹತ್ತರಲ್ಲಿ ಒಂದು ಪಾಲು ಬೀದಿಗೆಂದು ಎತ್ತಿಡಬೇಕು. ಸಿಮೆಂಟು ತರಲು ಅಲ್ಲ. ಫೋಟೊ ಪ್ರಿಂಟು, ಪತ್ರ, ಮಾಹಿತಿ ಹಕ್ಕು ಅರ್ಜಿ ಇವುಗಳಿಗೆ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಬರೀ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಸ್ತೆಯ ಕಾಮಗಾರಿ ಯಾವಾಗ ಆಯಿತು, ಎಷ್ಟು ಖರ್ಚಾಯಿತು, ದೋಷ ಹೊಣೆಗಾರಿಕೆಯ ಅವಧಿ ಎಲ್ಲಿಯವರೆಗೆ ಎಂದು ಕೇಳಬಹುದು. ಆ ಅವಧಿಯೊಳಗೆ ಕಾಮಗಾರಿ ಕೆಟ್ಟರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಇದು ತಿಳಿಯದೆ ಎಷ್ಟು ರಸ್ತೆಗಳ ಅವಧಿ ಸುಮ್ಮನೆ ಮುಗಿದು ಹೋಗುತ್ತದೋ!

ಮೂರು, ಮುಂದಿನ ಹಬ್ಬದಲ್ಲಿ ಜಮಾ–ಖರ್ಚಿನ ಬೋರ್ಡಿನ ಪಕ್ಕ ಇನ್ನೊಂದು ಬೋರ್ಡು ಇರಲಿ. ಬೀದಿಯ ಸಮಸ್ಯೆ ಏನು, ಪತ್ರ ಕೊಟ್ಟ ದಿನ ಯಾವುದು, ಈಗ ಎಲ್ಲಿಗೆ ಬಂದಿದೆ ಎಂದು ಬರೆದಿರಲಿ. ವೇದಿಕೆಗೆ ಬಂದ ಅತಿಥಿಗಳು ಮಾಲೆ ಹಾಕಿಸಿಕೊಳ್ಳುವ ಮುಂಚೆ ಅದನ್ನೂ ಒಮ್ಮೆ ಓದಲಿ.

ನಾಲ್ಕನೆಯದು ನನ್ನಂಥ ವಿದ್ಯಾರ್ಥಿಗಳಿಗೆ. ಎಐಸಿಟಿಇ ನಿಯಮದಂತೆ ಬಿಇ ಮುಗಿಸುವಷ್ಟರಲ್ಲಿ ನಾವು 100 ಆ್ಯಕ್ಟಿವಿಟಿ ಪಾಯಿಂಟ್ಸ್ ಗಳಿಸಬೇಕು. ಸಮಾಜಕ್ಕಾಗಿ ಕೆಲಸ ಮಾಡಲಿ ಎನ್ನುವುದು ಅದರ ಉದ್ದೇಶ. ನಿಜವಾಗಿ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಒಂದು ಗಿಡ ನೆಟ್ಟು ಇಪ್ಪತ್ತು ಜನ ಫೋಟೊ ತೆಗೆಸಿಕೊಂಡರೆ ರಿಪೋರ್ಟ್ ರೆಡಿ. ಅದರ ಬದಲು ನಮ್ಮದೇ ಬೀದಿಯ ಫುಟ್‌ಪಾತ್ ಅಳೆಯೋಣ, ಮೋರಿಯ ಇಳಿಜಾರು ಲೆಕ್ಕ ಹಾಕೋಣ, ಉರಿಯದ ಬೀದಿದೀಪಗಳ ನಕ್ಷೆ ಮಾಡೋಣ. ಕಾಲೇಜುಗಳು ಇದಕ್ಕೆ ಪಾಯಿಂಟ್ಸ್ ಕೊಡಲಿ. ಪುಸ್ತಕದಲ್ಲಿ ಓದಿದ್ದು ಕಾಲ ಕೆಳಗೇ ಇದೆ ಎಂದು ಗೊತ್ತಾದರೆ ಓದಿನ ರುಚಿಯೂ ಹೆಚ್ಚುತ್ತದೆ.

ಇದನ್ನು ಓದುತ್ತಿರುವ ನೀವು ಚಂದಾ ವಸೂಲಿಗೆ ಹೋಗುವವರಾಗಿದ್ದರೆ, ನಿಮ್ಮ ಕೈಯಲ್ಲಿರುವ ಪುಸ್ತಕದ ಬೆಲೆ ಅದರಲ್ಲಿ ಕೂಡುವ ದುಡ್ಡಿಗಿಂತ ದೊಡ್ಡದು ಎಂದು ತಿಳಿಯಿರಿ. ಚಂದಾ ಕೊಡುವವರಾಗಿದ್ದರೆ, ಈ ಸಲ ಗೊಣಗಬೇಡಿ. ದುಡ್ಡು ಕೊಟ್ಟು, ರಸೀದಿ ತೆಗೆದುಕೊಂಡು, ಒಂದೇ ಒಂದು ಪ್ರಶ್ನೆ ಕೇಳಿ: ‘ಹಬ್ಬ ಆದಮೇಲೆ ಮೀಟಿಂಗ್ ಯಾವತ್ತಪ್ಪಾ?’